ಹದಿನೇಳು ಮೀಟರ್ ಮೇಲೆ

ಹೊಕಾರಿ ನೊರಿಯುಕಿಗೆ ಗೊತ್ತುಮಾಡಿದ್ದ ಸಮಯ ಹನ್ನೊಂದು ಇಪ್ಪತ್ತು. ಅವನು ಹತ್ತು ಗಂಟೆಗೇ ಬಂದು ಕೂತಿದ್ದ. ಶಿಬುಯಾದ ಆ ಕಟ್ಟಡದ ಕಾಯುವ ಕೋಣೆಯಲ್ಲಿ ಇಪ್ಪತ್ತೈದು ಮಂದಿಯಾದರೂ ಇದ್ದರು. ಎಲ್ಲರೂ ನಲವತ್ತರ ಆಸುಪಾಸಿನವರು, ಎಲ್ಲರ ಮೈಮೇಲೂ ಕಡುಬಣ್ಣದ ಸೂಟು, ಎಲ್ಲರ ತೊಡೆಯ ಮೇಲೂ ತಾವೇ ಏಪ್ರಿಲ್‌ನಲ್ಲಿ ತುಂಬಿ ಕಳಿಸಿದ್ದ ಅರ್ಜಿಯ ನಕಲು. ಎದುರು ಸಾಲಿನ ದಪ್ಪ ಮನುಷ್ಯನೊಬ್ಬ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ, ಒಂದೇ ವಾಕ್ಯದಲ್ಲಿ ಮತ್ತೆ ಮತ್ತೆ ಎಡವಿ ಮೊದಲಿನಿಂದ ಶುರುಮಾಡುತ್ತಿದ್ದ. ಹೊಕಾರಿಗೆ ತನ್ನ ಸೂಟಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿದೆ ಅನ್ನಿಸಿ ಪಕ್ಕದವನಿಂದ ಒಂದು ಕುರ್ಚಿ ದೂರ ಸರಿದ. ಈ ಸೂಟು ಹೋದ ವರ್ಷ ಮಾವನ ಶವಸಂಸ್ಕಾರಕ್ಕೆ ತೊಟ್ಟದ್ದು. ಆಗ ಸರಿಯಾಗಿದ್ದ ಸೊಂಟ ಈಗ ಬಿಗಿಯುತ್ತಿತ್ತು. ಜುಲೈಯ ಲಿಖಿತ ಪರೀಕ್ಷೆ ದಾಟಿಯಾಗಿತ್ತು. ಉಳಿದದ್ದು ಈ ಇಪ್ಪತ್ತು ನಿಮಿಷದ ಮಾತು. ಇದೊಂದು ಮುಗಿದರೆ ಸರ್ಕಾರ ಅವನ ಹೆಸರನ್ನು ಪರವಾನಗಿ ಎಂಜಿನಿಯರುಗಳ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಇಲ್ಲಿಯವರೆಗೆ ಬಂದವರಲ್ಲಿ ಸೋಲುವವರು ಕಡಿಮೆ, ನೀನು ಮಾಡಿದ್ದನ್ನು ನೀನು ಹೇಳಿದರಾಯಿತು, ಅಷ್ಟೇ ಎಂದು ಕಂಪನಿಯ ಯಜಮಾನ ಇಜುಮಿದಾ ಬೆನ್ನು ತಟ್ಟಿ ಕಳಿಸಿದ್ದರು. ನಾನು ಮಾಡಿದ್ದು ಎಂದು ಹೊಕಾರಿ ಮನಸ್ಸಿನಲ್ಲೇ ಹೇಳಿಕೊಂಡು ಕಾಗದ ಬಿಡಿಸಿದ.

ಅರ್ಜಿಯ ಎರಡನೆಯ ಪುಟದಲ್ಲಿ ಏಳುನೂರ ಇಪ್ಪತ್ತು ಅಕ್ಷರಕ್ಕೆ ಜಾಗ. ವೃತ್ತಿಯಲ್ಲಿ ತಾನು ಮಾಡಿದ ಒಂದೇ ಒಂದು ಕೆಲಸವನ್ನು ಆರಿಸಿ, ತೊಡಕು ಏನಿತ್ತು, ತಾನು ಏನು ಯೋಚಿಸಿದೆ, ಏನು ಮಾಡಿದೆ ಎಂದು ಅಷ್ಟರೊಳಗೆ ಬರೆಯಬೇಕು. ಹೊಕಾರಿ ಆರಿಸಿದ್ದು ಆರು ವರ್ಷದ ಹಿಂದೆ ನಿಗಾತದ ಬೆಟ್ಟದೂರೊಂದರಲ್ಲಿ ಜಾರುತ್ತಿದ್ದ ಗುಡ್ಡವನ್ನು ನಿಲ್ಲಿಸಿದ ಕೆಲಸ. ನೆಲದಡಿಯ ನೀರು ಗುಡ್ಡವನ್ನು ಸಡಿಲಿಸುತ್ತಿತ್ತು. ಅದನ್ನು ಬಸಿದು ತೆಗೆಯಲು ಆಳದ ಬಾವಿ ತೋಡಬೇಕಿತ್ತು. ಮೊದಲು ಗುರುತು ಮಾಡಿದ ಜಾಗ ತಪ್ಪೆಂದು ಗೊತ್ತಾಗಿ ಬಾವಿಯನ್ನು ಇಳಿಜಾರಿನಲ್ಲಿ ಹದಿನೇಳು ಮೀಟರ್ ಮೇಲಕ್ಕೆ ಸರಿಸಿದ್ದೇ ಕೆಲಸದ ಜೀವಾಳ. ಆ ಸಾಲು ಕಾಗದದ ಸರಿ ನಡುವಿಗಿತ್ತು: ‘ಬೇಸಾಯ ಬಿಟ್ಟ ಗದ್ದೆಯಲ್ಲಿ ಒಂದು ಕಡೆ ಮಾತ್ರ ಜೊಂಡು ಸೊಂಪಾಗಿ ಬೆಳೆದಿರುವುದನ್ನು ನಾನು ಗಮನಿಸಿದೆ.’ ಓದುತ್ತ ಓದುತ್ತ ಈ ಸಾಲು ಬಂದಾಗಲೆಲ್ಲ ಅವನ ಕಣ್ಣು ಜಾರಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ ಮಿಸಾಕೊ ಪರೀಕ್ಷಕಳಾಗಿ ಕೂತು ಅಭ್ಯಾಸ ಮಾಡಿಸುವಾಗಲೂ ಅಷ್ಟೇ. ಒಂದು ಸಾಲು ಬಿಟ್ರಿ ಎಂದು ಅವಳು ಬೆರಳಿಟ್ಟು ತೋರಿಸುತ್ತಿದ್ದಳು.

ಗಮನಿಸಿದವರು ಸೆಕಿಯಾ ತೊಕುಜಿ. ತಾಂತ್ರಿಕ ಪ್ರೌಢಶಾಲೆ ಮುಗಿಸಿ ಹದಿನೆಂಟಕ್ಕೆ ಕೆಲಸಕ್ಕೆ ಸೇರಿದ ಮನುಷ್ಯ, ಹೊಕಾರಿಗಿಂತ ಹದಿನೆಂಟು ವರ್ಷ ದೊಡ್ಡವರು. ಹೊಕಾರಿ ಕಂಪನಿಗೆ ಹೊಸದಾಗಿ ಬಂದಾಗ ಅವನಿಗೆ ಬೂಟು ಆರಿಸಿಕೊಟ್ಟವರು, ಇಳಿಜಾರಿನಲ್ಲಿ ಹೇಗೆ ಕಾಲೂರಬೇಕೆಂದು ಕಲಿಸಿದವರು. ಪರವಾನಗಿ ಪರೀಕ್ಷೆಗೆ ಒಂಬತ್ತು ಸಲ ಕೂತು ಒಂಬತ್ತು ಸಲವೂ ಲಿಖಿತದಲ್ಲೇ ನಿಂತುಹೋದವರು. ಅವರಿಗೆ ಗೊತ್ತಿದ್ದದ್ದು ಅವರ ಕೈಬರಹದೊಳಕ್ಕೆ ಇಳಿಯುತ್ತಿರಲಿಲ್ಲ. ಆ ಮಾರ್ಚಿನಲ್ಲಿ, ಹಿಮ ಇನ್ನೂ ಮೊಣಕಾಲೆತ್ತರ ಇರುವಾಗ, ಕಚೇರಿಗೆ ಬರುವ ಮುಂಚೆ ನಾಲ್ಕು ದಿನ ಬೆಳಿಗ್ಗೆ ಸೆಕಿಯಾ ಒಬ್ಬರೇ ಗುಡ್ಡಕ್ಕೆ ಹೋಗಿ ನಿಂತಿದ್ದರು. ಒಂದು ಗದ್ದೆಯ ಮೂಲೆಯಲ್ಲಿ ಹಿಮ ತಟ್ಟೆಯಷ್ಟಗಲ ಕುಸಿದು ಕರಗುತ್ತಿತ್ತು, ಅದರಡಿ ಹೋದ ವರ್ಷದ ಜೊಂಡು ಒಣಗಿ ಮಲಗಿತ್ತು. ನೀರು ಇಲ್ಲಿದೆ ಎಂದು ಅವರು ಹೇಳಿದ್ದು ಪ್ರಾಂತ ಕಚೇರಿಯ ಅಧಿಕಾರಿಯೂ ಬೋರಿಂಗ್ ಯಂತ್ರದವರೂ ಸೇರಿದ್ದ ದಿನ. ಬಾವಿಗೆ ಹೊಕಾರಿ ಲೆಕ್ಕ ಹಾಕಿ ಕೆಂಪು ಗೂಟ ನೆಟ್ಟಿದ್ದ ಜಾಗ ಅಲ್ಲಿಂದ ಹದಿನೇಳು ಮೀಟರ್ ಕೆಳಗಿತ್ತು. ಅವನ ಕೈಯಲ್ಲಿ ಲ್ಯಾಪ್‌ಟಾಪಿತ್ತು, ಬೆರಳು ಚಳಿಗೆ ಮರಗಟ್ಟಿತ್ತು, ಅಧಿಕಾರಿ ಅವನ ಮುಖವನ್ನೇ ನೋಡುತ್ತಿದ್ದ. “ಸೆಕಿಯಾ ಸಾನ್, ಲೆಕ್ಕ ಬಿಟ್ಟು ಹುಲ್ಲು ನೋಡ್ಕೊಂಡು ಬಾವಿ ತೋಡೋಕಾಗುತ್ತಾ?” ಎಂದಿದ್ದ ಹೊಕಾರಿ. ಅಧಿಕಾರಿ ನಕ್ಕ. ಯಂತ್ರದವರೂ ನಕ್ಕರು. ಸೆಕಿಯಾ ಕೂಡ ಟೋಪಿ ಸರಿಮಾಡಿಕೊಳ್ಳುತ್ತ ಸ್ವಲ್ಪ ನಕ್ಕರು.

ಅವರು ಎಲ್ಲರೆದುರು ಮತ್ತೆ ಆ ಮಾತೆತ್ತಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೊಕಾರಿಯ ಮನೆ ಮುಂದೆ ವ್ಯಾನು ತಂದು ನಿಲ್ಲಿಸಿ, ಕೆಲಸಕ್ಕೆ ಮುಂಚೆ ಸ್ವಲ್ಪ ನಡೆದು ಬರೋಣ ಬಾ ಎಂದು ಕರೆದುಕೊಂಡು ಹೋದರು. ಇಬ್ಬರೇ. ಮಾತು ಕಡಿಮೆ. ಇಲ್ಲಿ ಕಾಲಿಡು ಎಂದರು, ಇಟ್ಟ. ಅಲ್ಲಿ ಇಡು ಎಂದರು, ಇಟ್ಟ. ಎರಡು ಕಡೆಯ ನೆಲ ಬೂಟಿನಡಿ ಬೇರೆ ಬೇರೆಯಾಗಿ ಕದಲಿತು. ಹೀಗೇ ನಾಲ್ಕು ದಿನ. ಐದನೆಯ ದಿನ ಹೊಕಾರಿ ತಾನೇ ಯಂತ್ರದವರಿಗೆ ಹೇಳಿ ಅಲ್ಲೊಂದು ಹೆಚ್ಚಿನ ತೂತು ಕೊರೆಸಿದ. ನೀರು ಸಿಕ್ಕಿತು. ಆಮೇಲೆ ಎಲ್ಲ ಲೆಕ್ಕವನ್ನೂ ಮತ್ತೆ ಹಾಕಿದವನು ಅವನು, ವರದಿ ಬರೆದವನು ಅವನು, ಪ್ರಾಂತ ಕಚೇರಿಯ ಉದ್ದ ಮೇಜಿನ ಮುಂದೆ ನಿಂತು ವಿವರಿಸಿ ಒಪ್ಪಿಸಿದವನೂ ಅವನೇ. ಇದು ನಿಜ. ಹಾಗಾಗಿ ಕೆಲಸ ತನ್ನದೇ ಎಂದು ಅವನು ತನಗೆ ತಾನೇ ಹೇಳಿಕೊಂಡಾಗ ಅದು ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಅವನು ಬರೆಯುತ್ತಿರಲಿಲ್ಲ ಎಂದೂ ಅವನಿಗೆ ಅನ್ನಿಸುತ್ತಿತ್ತು. ಬಾವಿ ತೋಡಿದ ಮೇಲೆ ಗುಡ್ಡ ನಿಂತಿತು. ದಿನಕ್ಕೆ ಎರಡು ಮಿಲಿಮೀಟರ್ ಜಾರುತ್ತಿದ್ದದ್ದು ಒಂದು ತಿಂಗಳಲ್ಲಿ ಸೊನ್ನೆಗೆ ಬಂತು. ಕೆಳಗಿನ ಹನ್ನೊಂದು ಮನೆಯವರು ಮತ್ತೆ ತಮ್ಮ ಮನೆಗೆ ಹೋದರು. ಅದರಲ್ಲೊಬ್ಬ ಅಜ್ಜಿ ಸೆಕಿಯಾ ಅವರಿಗೆ ಮೂಲಂಗಿ ಉಪ್ಪಿನಕಾಯಿ ಕೊಟ್ಟು, ಪಕ್ಕದಲ್ಲಿದ್ದ ಹೊಕಾರಿಯನ್ನು ನೋಡಿ, ಇವರೂ ನಿಮ್ಮ ಜೊತೆಯವರಾ ಎಂದು ಕೇಳಿದ್ದಳು.

ಕಾಯುವ ಕೋಣೆಯ ಬಾಗಿಲು ತೆರೆದು ಒಬ್ಬ ಹುಡುಗಿ ಒಂದು ಸಂಖ್ಯೆ ಕರೆದಳು. ದಪ್ಪ ಮನುಷ್ಯ ಎದ್ದ, ಕಾಗದ ಕೆಳಗೆ ಬಿತ್ತು, ಬಗ್ಗಿ ಹೆಕ್ಕಿಕೊಂಡು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿ ಹೋದ. ಹೊಕಾರಿಗೆ ನಗು ಬರಲಿಲ್ಲ. ಬಾಗಿಲಾಚೆ ಎಲ್ಲೋ ನಕಲು ತೆಗೆಯುವ ಯಂತ್ರ ಓಡುತ್ತಿತ್ತು. ಏಪ್ರಿಲ್‌ನಲ್ಲಿ ಇಜುಮಿದಾ ಅವರ ಮೇಜಿನಿಂದ ಮೂರು ಹೆಜ್ಜೆ ಆಚೆ ಅಂಥದೇ ಯಂತ್ರದ ಮುಂದೆ ಅವನು ನಿಂತಿದ್ದ. ಕಂಪನಿಯಲ್ಲಿ ಪರವಾನಗಿ ಇದ್ದ ಒಬ್ಬರೇ ಎಂಜಿನಿಯರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಇನ್ನೊಬ್ಬರು ಸಿಗದಿದ್ದರೆ ಗುಡ್ಡ ಕುಸಿತದ ಕೆಲಸಗಳಿಗೆ ಅರ್ಜಿ ಹಾಕುವ ಹಕ್ಕೇ ಹೋಗುತ್ತಿತ್ತು. ಆ ವರ್ಷ ಹೊಕಾರಿಯೂ ಸೆಕಿಯಾ ಅವರೂ ಇಬ್ಬರೂ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದರು, ಇಬ್ಬರೂ ಅದೇ ಬಾವಿಯನ್ನು ಬರೆದಿದ್ದರು. ಒಂದೇ ಕಂಪನಿಯ ಇಬ್ಬರು ಒಂದೇ ಕೆಲಸವನ್ನು ನನ್ನದು ಅಂದರೆ ಪರೀಕ್ಷಕರು ಏನಂದುಕೊಳ್ಳುತ್ತಾರೆ ಎಂದು ಇಜುಮಿದಾ ಕೇಳಿದರು. ಹೊಕಾರಿ ವಿಶ್ವವಿದ್ಯಾಲಯದವನು, ಚೆನ್ನಾಗಿ ಬರೆಯುತ್ತಾನೆ, ಒಂದೇ ಸಲಕ್ಕೆ ಆಗುತ್ತದೆ. ನಿನಗೇನು ಸೆಕಿಯಾ, ನಲವತ್ತು ವರ್ಷದಲ್ಲಿ ಎಷ್ಟೋ ಕೆಲಸ ಮಾಡಿದ್ದೀಯ, ಬೇರೆ ಯಾವುದಾದರೂ ಬರಿ ಎಂದರು. ಸೆಕಿಯಾ “ಸರಿ” ಎಂದರು. ಯಂತ್ರದಿಂದ ಬೆಚ್ಚಗಿನ ಹಾಳೆಗಳು ಒಂದೊಂದಾಗಿ ಬರುತ್ತಿದ್ದವು. ಅವು ಪೂರ್ತಿ ಬರುವವರೆಗೆ ತಾನು ಕಾಯಬೇಕು, ಅಷ್ಟು ಬಿಟ್ಟರೆ ತನಗೇನೂ ಕೆಲಸವಿಲ್ಲ ಎನ್ನುವ ಹಾಗೆ ಹೊಕಾರಿ ಹಾಳೆಗಳನ್ನೇ ನೋಡುತ್ತ ನಿಂತ. ಬಾಯಿ ತೆಗೆಯಲು ಎಷ್ಟು ಹೊತ್ತು ಇತ್ತು ಎಂದು ಆಮೇಲೆ ಅವನು ಎಣಿಸಿದ್ದುಂಟು. ಇಪ್ಪತ್ತನಾಲ್ಕು ಹಾಳೆ.

ಸೆಕಿಯಾ ಆ ವರ್ಷ ಅರ್ಜಿಯನ್ನೇ ಹಾಕಲಿಲ್ಲ. ಒಂದು ವಾರದ ನಂತರ ಹೊಕಾರಿಯ ಮೇಜಿನ ಮೇಲೆ ಅವನದೇ ಕರಡು ಮಡಚಿ ಇಟ್ಟಿತ್ತು. ಎಲ್ಲೋ ಹಂಚಿದ ಕಾಗದಗಳ ನಡುವೆ ಅವರ ಕೈಗೆ ಸಿಕ್ಕಿರಬೇಕು, ಇಲ್ಲವೆ ಇಜುಮಿದಾ ಅವರೇ ಕೊಟ್ಟಿರಬೇಕು. ಅವನು ಕೇಳಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ಅಲ್ಲಲ್ಲಿ ತಿದ್ದಿತ್ತು. ನೀರಿನ ಮಟ್ಟ ನಾಲ್ಕೂವರೆ ಮೀಟರ್ ಎಂದು ಬರೆದದ್ದನ್ನು ಹೊಡೆದು ನಾಲ್ಕು ಮೀಟರ್ ಎಪ್ಪತ್ತೆರಡು ಎಂದು ಮಾಡಿತ್ತು. ಬರೀ ಹುಲ್ಲು ಎಂದಿದ್ದ ಕಡೆ ಜೊಂಡು ಎಂದಿತ್ತು. ನಡುವಿನ ಸಾಲನ್ನು ಹೊಕಾರಿ ‘ಗಮನಿಸಲಾಯಿತು’ ಎಂದು ಮುಗಿಸಿದ್ದ. ಹಾಗೆ ಬರೆಯಲು ಒಂದು ಇಡೀ ಸಂಜೆ ಯೋಚಿಸಿದ್ದ, ಯಾರು ಎಂದು ಹೇಳದೆ ಉಳಿಯುವ ದಾರಿ ಅದೊಂದೇ ಆಗಿತ್ತು. ಅದನ್ನೂ ಹೊಡೆದು ಅಂಚಿನಲ್ಲಿ ಸೆಕಿಯಾ ತಮ್ಮ ಅಂಕುಡೊಂಕು ಅಕ್ಷರದಲ್ಲಿ ಬರೆದಿದ್ದರು: ‘ನಾನು ಗಮನಿಸಿದೆ ಅಂತ ಬರಿ. ಇಲ್ಲದಿದ್ದರೆ ಯಾರು ಅಂತ ಕೇಳುತ್ತಾರೆ.’ ಹೊಕಾರಿ ಆ ಹಾಳೆಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಸಿಟ್ಟಿದೆಯೋ, ಕೊಂಕಿದೆಯೋ, ಬರೀ ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸ ನೆಟ್ಟಗಾಗಲಿ ಎಂದು ತಿದ್ದಿದ್ದೋ ತಿಳಿಯಲಿಲ್ಲ. ಅವರು ಹೇಳಿದಂತೆಯೇ ಬರೆದ. ಅರವತ್ತಾದ ಮೇಲೆ ಕಂಪನಿ ಸೆಕಿಯಾ ಅವರನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡಿತ್ತು; ಜೂನ್ ಕೊನೆಗೆ ಅದು ಮುಗಿಯಿತು, ಮುಂದುವರಿಸಲಿಲ್ಲ. ಈಗ ಅವರು ಚಳಿಗಾಲದಲ್ಲಿ ಊರಿನ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸುತ್ತಾರೆ ಎಂದು ಯಾರೋ ಹೇಳಿದ್ದರು.

ಹುಡುಗಿ ಅವನ ಸಂಖ್ಯೆ ಕರೆದಳು. ಕೋಣೆ ಅವನು ಊಹಿಸಿದ್ದಕ್ಕಿಂತ ಚಿಕ್ಕದು. ಮೇಜಿನ ಆಚೆ ಇಬ್ಬರು: ಬೋಳುತಲೆಯ, ಕೆನ್ನೆ ಕೆಂಪಗಿನ ವಯಸ್ಸಾದ ಪರೀಕ್ಷಕರು, ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸು, ಓದುವ ಕನ್ನಡಕ ಮೂಗಿನ ತುದಿಗೆ. ಮೊದಲ ಐದಾರು ನಿಮಿಷ ಬೋಳುತಲೆಯವರು ಕೆಲಸದ ಸಾರಾಂಶ ಕೇಳಿದರು, ಅವನು ಬಾಯಿಪಾಠ ಒಪ್ಪಿಸಿದ. ಸ್ವರ ತನ್ನದಲ್ಲ ಅನ್ನಿಸುವಷ್ಟು ಸಲೀಸಾಗಿ ಬರುತ್ತಿತ್ತು. ಆಮೇಲೆ ಆ ಹೆಂಗಸು ತಲೆ ಎತ್ತಿದಳು.

“ಒಂದೇ ಕಡೆ ಜೊಂಡು ಬೆಳೆದಿತ್ತು ಅಂತ ಬರೆದಿದ್ದೀರಿ. ಅದು ಕಣ್ಣಿಗೆ ಬಿದ್ದದ್ದು ಹೇಗೆ? ನೀವು ಹೋಗಿದ್ದು ಹಿಮದ ಕಾಲದಲ್ಲಿ.”

“ಹಿಮ ಅಲ್ಲಿ ಮಾತ್ರ ಮೊದಲೇ ಕರಗ್ತಿತ್ತು,” ಎಂದ ಹೊಕಾರಿ. “ತಟ್ಟೆಯಷ್ಟಗಲ. ಅಡೀಲಿ ಬೆಚ್ಚಗಿನ ನೀರು ಹರೀತಿರಬೇಕು ಅನ್ನಿಸ್ತು. ನಾಲ್ಕು ದಿನ ಬೆಳಿಗ್ಗೆ ಹೋಗಿ ನೋಡಿದೆ.”

ಹೆಂಗಸು ಏನೋ ಬರೆದುಕೊಂಡಳು. ಜಾಗ ಬದಲಾಯಿಸಲು ಎಲ್ಲರೂ ಒಪ್ಪಿದರೇ ಎಂದು ಕೇಳಿದಳು. ಇದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಬೇರೆಯವರನ್ನು ಹೇಗೆ ಒಪ್ಪಿಸಿದಿರಿ ಎಂದು ಕೇಳಿಯೇ ಕೇಳುತ್ತಾರೆ, ಅಧಿಕಾರಿಯ ಹಿಂಜರಿಕೆ, ಹೆಚ್ಚಿನ ಖರ್ಚು ಅಂತ ಹೇಳು ಎಂದು ಇಜುಮಿದಾ ಕಲಿಸಿದ್ದರು, ಮಿಸಾಕೊ ಎದುರು ಅದನ್ನೇ ಹತ್ತು ಸಲ ಹೇಳಿದ್ದ. ಆದರೆ ಆ ಹೆಂಗಸಿನ ಕನ್ನಡಕದ ಮೇಲಿನ ನೋಟದೆದುರು ಆ ಉತ್ತರ ತೆಳುವೆಂದು ಅವನಿಗೆ ಅನ್ನಿಸಿತು.

“ಇಲ್ಲ. ನಮ್ಮ ಕಂಪನಿಯಲ್ಲೇ ಒಬ್ಬ ಹಿರಿಯ ನೌಕರರು ಬೇಡ ಅಂದ್ರು,” ಎಂದುಬಿಟ್ಟ.

“ಏನಂತ?”

“ಲೆಕ್ಕ ಬಿಟ್ಟು ಹುಲ್ಲು ನೋಡ್ಕೊಂಡು ಬಾವಿ ತೋಡೋಕಾಗುತ್ತಾ ಅಂದ್ರು. ಎಲ್ಲರೆದುರು.”

ಬೋಳುತಲೆಯವರು ಗೊಳ್ಳನೆ ನಕ್ಕರು. ಅಂಥವರು ಎಲ್ಲ ಕಡೆ ಇರುತ್ತಾರೆ, ನಮ್ಮ ಕಾಲದಲ್ಲೂ ಇದ್ದರು ಎಂದರು. ಹೊಕಾರಿಯೂ ನಕ್ಕ. ಹೆಂಗಸು ನಗಲಿಲ್ಲ, ಅವರನ್ನು ಹೇಗೆ ಒಪ್ಪಿಸಿದಿರಿ ಎಂದಳು. ಅವನು ಹೇಳಿದ. ಅವರಿಗೆ ಎಲ್ಲರೆದುರು ಎದುರು ಮಾತಾಡಲಿಲ್ಲ ಎಂದ. ಅನುಭವಸ್ಥರು, ಅವರಿಗೆ ನೋವಾಗಬಾರದಿತ್ತು ಎಂದ. ಮಾರನೆಯ ದಿನ ಬೆಳಿಗ್ಗೆ ಅವರ ಮನೆಗೇ ಗಾಡಿ ತೆಗೆದುಕೊಂಡು ಹೋಗಿ ಇಬ್ಬರೇ ಗುಡ್ಡ ಹತ್ತಿದೆವು, ಇಲ್ಲಿ ಕಾಲಿಡಿ ಅಂದೆ, ಅಲ್ಲಿ ಇಡಿ ಅಂದೆ, ನಾಲ್ಕು ದಿನ ಹಾಗೇ ನಡೆದೆವು, ಐದನೆಯ ದಿನ ತೂತು ಕೊರೆಸೋಣ ಅಂತ ಅವರೇ ಅಂದರು ಎಂದ. ಹೇಳುತ್ತಿದ್ದಾಗ ಬೂಟಿನಡಿ ಕದಲುತ್ತಿದ್ದ ನೆಲ, ವ್ಯಾನಿನ ಹೀಟರಿನ ಸುಟ್ಟ ಧೂಳಿನ ವಾಸನೆ, ಮುಂದೆ ನಡೆಯುತ್ತಿದ್ದ ಬೆನ್ನು ಎಲ್ಲವೂ ಎದುರಿಗೇ ಬಂದಂತಾಗಿ, ಇಡೀ ಇಪ್ಪತ್ತು ನಿಮಿಷದಲ್ಲಿ ಅದೊಂದನ್ನು ಮಾತ್ರ ಅವನು ಮನಸ್ಸಿನಿಂದ ಹೇಳಿದ. ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಹಿರಿಯರನ್ನ ಹಾಗೆ ನಡೆಸಿಕೊಳ್ಳೋದು ಎಲ್ಲರಿಗೂ ಬರಲ್ಲ,” ಎಂದಳು. ಅಷ್ಟು ಹೊತ್ತಿಗೆ ಮೊದಲ ಬಾರಿ ಅವಳ ಮುಖ ಸಡಿಲವಾಗಿತ್ತು. ಆಮೇಲೆ ವೃತ್ತಿಧರ್ಮದ ಬಗ್ಗೆ ಒಂದು ಪ್ರಶ್ನೆ ಬಂತು. ಸಾರ್ವಜನಿಕರ ಸುರಕ್ಷೆಯೇ ಎಲ್ಲಕ್ಕಿಂತ ಮೇಲು, ಸತ್ಯವನ್ನು ಮುಚ್ಚಿಡಬಾರದು ಎಂದು ಪುಸ್ತಕದಲ್ಲಿದ್ದಂತೆ ಹೇಳಿದ. ಸರಿ ಎಂದರು.

ಹಿಂತಿರುಗುವ ರೈಲಿನಲ್ಲಿ ಅವನು ಕೊಂಡಿದ್ದ ಊಟದ ಡಬ್ಬಿ ಮಡಿಲಲ್ಲೇ ಉಳಿಯಿತು. ನಗಾನೊ ದಾಟಿದ ಮೇಲೆ ಕಿಟಕಿಯಾಚೆ ಹಿಮದಿಂದ ಎಲ್ಲ ಬೆಳ್ಳಗಾಯಿತು. ಕೆಲಸ ತನ್ನದೆಂದು ಬರೆದದ್ದಕ್ಕೆ ಒಂದು ಸಮಾಧಾನ ಹೇಗೋ ಸಿಕ್ಕುತ್ತಿತ್ತು: ಯಜಮಾನ ಹೇಳಿದ್ದು, ಕಂಪನಿ ಉಳಿಯಬೇಕಿತ್ತು, ಸೆಕಿಯಾ ಅವರೇ ತಿದ್ದಿಕೊಟ್ಟದ್ದು. ಇವತ್ತಿನದಕ್ಕೆ ಅದು ಸಿಗಲಿಲ್ಲ. ಯಾರೂ ಹಾಗೆ ಹೇಳೆಂದಿರಲಿಲ್ಲ. ಹಿರಿಯ ಎಂದ ಕಡೆ ಕಿರಿಯ ಎಂದಿದ್ದರೆ ಸಾಕಿತ್ತು. ಒಬ್ಬ ಕಿರಿಯ ಎಂಜಿನಿಯರ್ ಬೇಡ ಅಂದ, ಅವನನ್ನು ನಾನು ಕರೆದುಕೊಂಡು ಹೋಗಿ ತೋರಿಸಿದೆ; ಆಗಲೂ ಸುಳ್ಳೇ, ಆದರೆ ಅದರಲ್ಲಿ ತಾನು ಸೆಕಿಯಾ ಅವರ ಜಾಗದಲ್ಲಿ ನಿಂತಿರುತ್ತಿದ್ದ, ಅವರನ್ನು ತಂದು ತನ್ನ ಜಾಗದಲ್ಲಿ ನಿಲ್ಲಿಸಿರುತ್ತಿರಲಿಲ್ಲ. ಅವರು ಮಾಡಿದ್ದನ್ನು ತೆಗೆದುಕೊಂಡದ್ದು ಒಂದು. ತಾನು ಮಾಡಿದ್ದನ್ನು ಅವರ ತಲೆಗೆ ಕಟ್ಟಿದ್ದು ಇನ್ನೊಂದು. ಎದುರಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ನಿಮಗೆ ಹುಷಾರಿಲ್ಲವೇ ಎಂದು ಕೇಳಿದಳು. ಹುಷಾರಾಗಿದ್ದೇನೆ, ಪರೀಕ್ಷೆ ಇತ್ತು ಎಂದ. ಈ ವಯಸ್ಸಿನಲ್ಲಾ ಎಂದು ಅವಳು ಕನಿಕರದಿಂದ ಒಂದು ಕಿತ್ತಳೆ ಕೊಟ್ಟಳು.

ಮಾರ್ಚಿನಲ್ಲಿ ಫಲಿತಾಂಶ ಬಂತು. ಪಟ್ಟಿಯಲ್ಲಿ ಅವನ ಸಂಖ್ಯೆ ಇತ್ತು. ಇಜುಮಿದಾ ಕಚೇರಿಯವರನ್ನೆಲ್ಲ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಮಿಸಾಕೊ ಶುಭದಿನಗಳಿಗೆ ಮಾಡುವ ಕೆಂಪುಕಾಳಿನ ಅನ್ನ ಮಾಡಿದಳು, ಅವಳ ತಾಯಿ ಫೋನು ಮಾಡಿ ಅತ್ತಳು. ಹೆಸರಿನ ಮೇಲೆ ‘ಪರವಾನಗಿ ಎಂಜಿನಿಯರ್’ ಎಂದು ಅಚ್ಚಾದ ಹೊಸ ಕಾರ್ಡುಗಳ ಪೆಟ್ಟಿಗೆ ಬಂದಾಗ ಹೊಕಾರಿ ಒಂದನ್ನು ತೆಗೆದು ನೋಡಿ ಒಳಗಿಟ್ಟ. ಪ್ರಾಂತ ಕಚೇರಿಗೆ ಹೋದರೆ ಅದೇ ಅಧಿಕಾರಿ, ಈಗ ಕೂದಲು ಉದುರಿದವನು, ಕುರ್ಚಿಯಿಂದ ಎದ್ದು ಬಗ್ಗಿ ನಮಸ್ಕರಿಸಿದ. ಸಂತೋಷ ಇರಲಿಲ್ಲ ಎಂದಲ್ಲ. ಇತ್ತು. ಅದು ಬಂದಾಗಲೆಲ್ಲ ಹಿಂದೆಯೇ ಆ ಬೋಳುತಲೆಯವರ ನಗು ಬರುತ್ತಿತ್ತು, ತಾನೂ ಜೊತೆಗೆ ನಕ್ಕದ್ದು ನೆನಪಾಗುತ್ತಿತ್ತು, ಆಗ ಅವನು ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದ.

ಆ ವಾರದ ಕೊನೆಗೆ ಸೆಕಿಯಾ ಅವರ ಫೋನು ಬಂತು. ಸುದ್ದಿ ಕೇಳಿ ಸಂತೋಷವಾಯಿತು ಎಂದರು. ಆಮೇಲೆ, ಮುಂದಿನ ತಿಂಗಳು ನಾನೂ ಇನ್ನೊಮ್ಮೆ ಅರ್ಜಿ ಹಾಕಬೇಕೆಂದಿದ್ದೇನೆ ಎಂದರು. ಹಿಮದ ಗಾಡಿಯ ಕೆಲಸದಲ್ಲಿ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಈ ಸಲ ಲಿಖಿತ ದಾಟುತ್ತೇನೆ ಅನ್ನಿಸುತ್ತದೆ, ಆದರೆ ಆ ಮೌಖಿಕದ ಕೋಣೆಯನ್ನು ನಾನು ಒಮ್ಮೆಯೂ ಕಂಡವನಲ್ಲ, ಅಲ್ಲಿ ಏನೇನು ಕೇಳುತ್ತಾರೆಂದು ಬಿಡುವಾದಾಗ ಬಂದು ಹೇಳುತ್ತೀಯಾ ಎಂದರು. ಹೊಕಾರಿ ಭಾನುವಾರ ಬರುತ್ತೇನೆ ಎಂದ. ಸಾಕೆ ಎಂಬ ಅಕ್ಕಿಮದ್ಯದ ಒಳ್ಳೆಯ ಬಾಟಲಿಯೊಂದನ್ನು ಕೊಂಡ, ಸಾಲದು ಅನ್ನಿಸಿ ಸಿಹಿಯನ್ನೂ ಕೊಂಡ. ದಾರಿಯುದ್ದಕ್ಕೂ ಕಾರಿನಲ್ಲಿ, ಒಪ್ಪಿಗೆಯ ಪ್ರಶ್ನೆಗೆ ಏನಂದೆ ಎಂದು ಅವರು ಕೇಳಿದರೆ ಅಧಿಕಾರಿಯ ಹಿಂಜರಿಕೆಯ ಉತ್ತರವನ್ನೇ ಹೇಳುವುದೆಂದು ನಿಶ್ಚಯಿಸಿಕೊಂಡು, ಅದನ್ನು ಎರಡು ಸಲ ಗಟ್ಟಿಯಾಗಿ ಹೇಳಿಯೂ ನೋಡಿದ.

ಸೆಕಿಯಾ ಕೊತಾತ್ಸುವಿನ, ಅಡಿಯಲ್ಲಿ ಕಾವಿರುವ ಗಿಡ್ಡ ಮೇಜಿನ, ಬೆಚ್ಚಗಿನ ಹೊದಿಕೆಯೊಳಗೆ ಕಾಲಿಟ್ಟು ಕೂತಿದ್ದರು. ಮುಖ ಹಿಮದ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣಿನ ಸುತ್ತ ಮಾತ್ರ ಕನ್ನಡಕದ ಗುರುತು ಬೆಳ್ಳಗೆ. ಮೇಜಿನ ಮೇಲೆ ಮಕ್ಕಳ ನೋಟುಪುಸ್ತಕದಂಥದೊಂದು ತೆರೆದಿತ್ತು. ಅವರ ಹೆಂಡತಿ ಫುಮಿಎ ಚಹಾ, ಸೊಪ್ಪಿನ ಉಪ್ಪಿನಕಾಯಿ ತಂದಿಟ್ಟು, ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಇಷ್ಟು ದುಬಾರಿಯದು ಯಾಕೆ ತಂದಿರಿ ಎಂದು ಬೈದು ಒಳಗೆ ಹೋದಳು. ಸೆಕಿಯಾ ಒಂದೊಂದೇ ಕೇಳಿದರು. ಬಾಗಿಲು ತಟ್ಟಬೇಕಾ, ಕೂರು ಅನ್ನುವವರೆಗೆ ನಿಂತಿರಬೇಕಾ, ಗಡಿಯಾರ ಎಲ್ಲಿರುತ್ತೆ. ಕೇಳಿದ್ದನ್ನೆಲ್ಲ ತಮ್ಮ ಅಂಕುಡೊಂಕು ಅಕ್ಷರದಲ್ಲಿ ಬರೆದುಕೊಂಡರು. ಅರವತ್ತು ದಾಟಿದ ಆ ದಪ್ಪ ಬೆರಳುಗಳು ಪೆನ್ನನ್ನು ಅದುಮಿ ಹಿಡಿದಿದ್ದವು.

“ಜೊಂಡಿನ ಬಗ್ಗೆ ಕೇಳಿದ್ರಾ?”

“ಕೇಳಿದ್ರು. ಹಿಮ ಇರುವಾಗ ಹೇಗೆ ಕಂಡಿತು ಅಂತ.”

“ಕೇಳ್ತಾರೆ ಅಂತ ನಂಗೆ ಗೊತ್ತಿತ್ತು,” ಎಂದರು ಸೆಕಿಯಾ, ಹೆಮ್ಮೆಯಿಂದಲೇ. “ಆಮೇಲೆ?”

“ಎಲ್ಲರೂ ಒಪ್ಪಿದ್ರಾ ಅಂತ ಕೇಳಿದ್ರು.”

“ಹೂಂ. ನೀನೇನಂದೆ?”

ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಅಧಿಕಾರಿಯ ಉತ್ತರ ಬಾಯಿಗೆ ಬಂದಿತ್ತು. ಆದರೆ ಈ ಮನುಷ್ಯ ಅದನ್ನೂ ನಂಬಿ ಬರೆದುಕೊಳ್ಳುತ್ತಾರೆ, ಮನೆಯಲ್ಲಿ ಕೂತು ಬಾಯಿಪಾಠ ಮಾಡುತ್ತಾರೆ ಎಂದು ಹೊಳೆದು ಹೊಕಾರಿಗೆ ಅದು ಆಗಲಿಲ್ಲ. ಹೇಳಿದ. ಹಿರಿಯ ನೌಕರರು ಎಂದದ್ದು, ಹುಲ್ಲಿನ ಮಾತು, ಮನೆಗೆ ಗಾಡಿ ತೆಗೆದುಕೊಂಡು ಹೋದದ್ದು, ನಾಲ್ಕು ದಿನ ನಡೆದದ್ದು. ಮೊದಲ ಒಂದೆರಡು ಮಾತನ್ನು ಸೆಕಿಯಾ ಬರೆದುಕೊಂಡರು. ಆಮೇಲೆ ಪೆನ್ನು ನಿಂತಿತು. ಅವರು ತಲೆ ಎತ್ತಲಿಲ್ಲ. ಬರೆದಷ್ಟನ್ನೇ ನೋಡುತ್ತಿದ್ದರು.

“ಅವರು ನಂಬಿದ್ರಾ?”

“ನಂಬಿದ್ರು.”

“ಆ ಮುದುಕನ ಬಗ್ಗೆ ಏನಾದ್ರೂ ಅಂದ್ರಾ?”

“ಅಂಥವರು ಎಲ್ಲ ಕಡೆ ಇರ್ತಾರೆ ಅಂದ್ರು.” ಹೊಕಾರಿ ಎರಡೂ ಕೈಯನ್ನು ಚಾಪೆಗೆ ಊರಿ ಹಣೆ ತಗಲುವಷ್ಟು ಬಗ್ಗಿದ. ಕ್ಷಮಿಸಿ ಎಂದ. ಚಾಪೆಯ ಎಳೆ ಹಣೆಗೆ ಒರಟಾಗಿ ತಾಗಿತು. ಏಳು ಎಂದು ಯಾರೂ ಹೇಳಲಿಲ್ಲ. ಕೊನೆಗೆ ಅವನೇ ಎದ್ದು ಕೂತ. ಏನಾದರೂ ಮಾಡಬೇಕಿತ್ತು, ಏನಾದರೂ ಕೊಡಬೇಕಿತ್ತು. “ಈ ಸಲ ಆ ಬಾವೀನ ನೀವೇ ಬರೀರಿ. ನಂದು ಮುಗೀತಲ್ಲ. ಇಜುಮಿದಾ ಅವರಿಗೆ ನಾನು ಹೇಳ್ತೀನಿ, ಅರ್ಜಿಗೆ ಬೇಕಾದ ಕಂಪನಿ ಮೊಹರು ನಾನೇ ಹಾಕಿಸಿಕೊಡ್ತೀನಿ,” ಎಂದ.

ಸೆಕಿಯಾ ಅದನ್ನು ನಿಜವಾಗಿಯೂ ಯೋಚಿಸಿದರು. ಆಗುತ್ತದೋ ಇಲ್ಲವೋ ಎಂದು ಗುಡ್ಡದ ಮುಂದೆ ನಿಂತು ನೋಡುವಾಗಿನ ಹಾಗೆ ತುಟಿಯನ್ನು ಒಳಗೆಳೆದುಕೊಂಡು ಯೋಚಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹೊಕಾರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಅದನ್ನ ಇನ್ನು ನಾನು ಬರೆಯೋಕಾಗಲ್ಲ,” ಎಂದರು. “ಅದರಲ್ಲಿ ನಾನು ಬೇಡ ಅಂದವನು.”

ನೋಟುಪುಸ್ತಕ ಮುಚ್ಚಿ ಪೆನ್ನನ್ನು ಅದರ ಮೇಲೆ ನೆಟ್ಟಗೆ ಇಟ್ಟರು. ಫುಮಿಎ ಬಿಸಿನೀರಿನ ಪಾತ್ರೆ ಹಿಡಿದು ಬಂದಳು, ಊಟಕ್ಕೆ ಇರಬೇಕು, ಸೋಬಾ ನೂಡಲ್ಸಿಗೆ ಹಿಟ್ಟು ಕಲಸಿದ್ದೇನೆ ಎಂದಳು. “ಹೊಕಾರಿಯವರು ಹೊರಟರು,” ಎಂದರು ಸೆಕಿಯಾ. ಅವಳು ಗಂಡನ ಮುಖ ನೋಡಿದಳು, ಹೊಕಾರಿಯ ಮುಖ ನೋಡಿದಳು, ಪಾತ್ರೆ ಹಿಡಿದುಕೊಂಡೇ ನಿಂತಳು. ಸೆಕಿಯಾ ಎದ್ದು ಬಾಗಿಲವರೆಗೆ ಬಂದರು. ಹೊಕಾರಿ ಕೂತು ಬೂಟಿನ ದಾರ ಕಟ್ಟುವಷ್ಟು ಹೊತ್ತೂ ಹಿಂದೆ ನಿಂತಿದ್ದರು. ದಾರ ಎರಡು ಸಲ ತಪ್ಪಿತು. ಬಾಗಿಲು ಸರಿಸಿದಾಗ ಹಿಮದ ಬೆಳಕು ಕಣ್ಣಿಗೆ ಹೊಡೆಯಿತು.

“ಮೆಟ್ಟಿಲ ಮೇಲೆ ನೀರು ಗಟ್ಟಿಯಾಗಿದೆ,” ಎಂದರು ಸೆಕಿಯಾ. “ನೋಡ್ಕೊಂಡು ಇಳೀರಿ. ನಿಮಗೆ ಅಭ್ಯಾಸ ಇಲ್ಲ.”

ಹೊಕಾರಿ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಕೆಳಗಿನವರೆಗೆ ಹಾಗೇ ಇಳಿದ.